ಬಿ.ಎ. ಓದಿ ಲಾರಿ ಹತ್ತಿದವರ ಪರವಾಗಿ, ಹತ್ತಿಸಿದವರ ವಿರುದ್ಧ

ಹಾಸ್ಟೆಲ್ ಗೆಳೆಯರೇ,

ಹೋದ ತಿಂಗಳು ಹೊಳೆನರಸೀಪುರದ ಸಭೆಯೊಂದರಲ್ಲಿ ವೇದಿಕೆ ಮೇಲಿದ್ದ ಹಿರಿಯರೊಬ್ಬರು ನಮ್ಮ ಕಡೆ ಕೈ ತೋರಿಸಿ ಹೇಳಿದರು: "ಬಾಬಾಸಾಹೇಬರು ನಿಮ್ಮ ಕೈಗೆ ಪೆನ್ನು ಕೊಟ್ಟರು. ನೀವು ಹೋಗಿ ಸ್ಟೇರಿಂಗ್ ಹಿಡಕಂಡ್ರಿ. ಡಿಗ್ರಿ ಮಾಡಿ ಲಾರಿ ಓಡ್ಸಕ್ಕೆ ನಾಚಿಕೆ ಆಗಲ್ವೇನ್ರಪ್ಪಾ?"

ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾವೂ ಇದ್ದೆವು.

ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಮಾತ್ರ ತಟ್ಟಲಿಲ್ಲ. ಅವನು ನಮ್ಮ ಗೆಳೆಯ, ಅರಕಲಗೂಡು ತಾಲ್ಲೂಕಿನವನು, ಇತಿಹಾಸದಲ್ಲಿ ಎಂ.ಎ. ಆವತ್ತು ಬೆಳಗಿನ ಜಾವ ಮಂಗಳೂರಿನಿಂದ ಬಂದು ಲೋಡು ಇಳಿಸಿ, ಮುಖ ತೊಳೆದುಕೊಂಡು, ನಿದ್ದೆಗಣ್ಣಲ್ಲೇ ಸಭೆಗೆ ಬಂದಿದ್ದ. ವಂದನಾರ್ಪಣೆಗೆ ಮೊದಲೇ ಹೊರಟುಹೋದ. ಆಮೇಲೆ ಫೋನ್ ಮಾಡಿದರೆ, "ಟ್ರಿಪ್ ಇತ್ತು ಕಣೋ" ಅಂದ. ಅಷ್ಟೇ ಅಂದ.

ಆ ಚಪ್ಪಾಳೆಯ ಸಾಲ ತೀರಿಸಲು ಇದನ್ನು ಬರೆಯುತ್ತಿದ್ದೇವೆ.

ಮೊದಲು ಆ ಹಿರಿಯರಿಗೇ ಉತ್ತರ ಹೇಳೋಣ. ಸ್ವಾಮೀ, ಬಾಬಾಸಾಹೇಬರು ಪೆನ್ನು ಹಿಡಿದವರು ಅನ್ನೋದು ನಿಜ. ಆದರೆ 1936ರಲ್ಲಿ ಅವರು ಕಟ್ಟಿದ ಪಕ್ಷಕ್ಕೆ ಇಟ್ಟ ಹೆಸರೇನು? ಸ್ವತಂತ್ರ ಕಾರ್ಮಿಕ ಪಕ್ಷ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆ ಕೆಲಸದ ದಲಿತರ ಮುಂದೆ ನಿಂತು ಅವರು, ಕಾರ್ಮಿಕರಿಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದು ಹೇಳಿದರು. ಅಲ್ಲಿ ಕೂತಿದ್ದವರಿಗೆ ನಿಮ್ಮ ಕೆಲಸಕ್ಕೆ ನಾಚಿಕೆ ಪಡಿ ಅನ್ನಲಿಲ್ಲ. 1942ರಿಂದ 46ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದವರೂ ಅವರೇ. ಕಾರ್ಖಾನೆಯವರ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಮೈ ಬೆವರಿಸುವವನನ್ನು ಕೀಳಾಗಿ ಕಂಡವರು ಗಂಟೆ ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಯಾವ ಕೆಲಸ ಮೇಲು, ಯಾವುದು ಕೀಳು ಅಂತ ಹಂಚಿದವನು ಮನು. ಈಗ ನಾವೇ ನಾಲ್ಕಕ್ಷರ ಕಲಿತು ಕುರ್ಚಿ ಕೆಲಸ ಮೇಲು, ಲಾರಿ ಕೆಲಸ ಕೀಳು ಅಂತ ಹೇಳಿದರೆ, ಅದು ಮನುವಿನ ಮಗ್ಗಿಯನ್ನು ನಾವೇ ಬಾಯಿಪಾಠ ಒಪ್ಪಿಸಿದಂತೆ. ನಮ್ಮ ಅಪ್ಪಂದಿರು ಸತ್ತ ದನ ಹೊತ್ತರು, ತಮಟೆ ಬಡಿದರು, ಗೌಡರ ಮನೇಲಿ ಜೀತ ಮಾಡಿದರು. ಆ ಕೆಲಸ ಬಿಡಿಸಿ ಅಂತ ಚಳವಳಿ ಹುಟ್ಟಿತು, ನಿಜ. ಯಾಕೆ ಬಿಡಿಸಬೇಕಿತ್ತು? ಅದು ಹುಟ್ಟಿನಿಂದ ಕಟ್ಟಿದ ಕೆಲಸ, ಕೂಲಿ ಕೇಳುವಂತಿಲ್ಲದ ಕೆಲಸ, ಬಿಟ್ಟು ಹೋಗುವಂತಿಲ್ಲದ ಕೆಲಸ ಆಗಿತ್ತು. ಲಾರಿ ಓಡಿಸೋದು ಹಾಗಲ್ಲ. ಅದನ್ನು ಕಲಿಯಬೇಕು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ, ಹಿಂದೆ ಇಪ್ಪತ್ತು ಟನ್ ತೂಕ ಇಟ್ಟುಕೊಂಡು, ಸಕಲೇಶಪುರ ದಾಟಿ ಇಳಿಯೋದು ಯಾವ ಪಿಎಚ್.ಡಿ.ಗೂ ಕಡಿಮೆ ವಿದ್ಯೆ ಅಲ್ಲ. ನಂಬದವರು ಒಮ್ಮೆ ಪಕ್ಕದ ಸೀಟಿನಲ್ಲಿ ಕೂತು ಬನ್ನಿ.

ಹಾಗಾದರೆ ಇದು ಹೆಮ್ಮೆಯ ವಿಷಯವೇ? ಅಲ್ಲಿಗೂ ಬರುತ್ತೇವೆ, ತಾಳಿ.

ಇನ್ನೊಂದು ಗುಂಪಿದೆ. ಇವರು ಬೈಯುವುದಿಲ್ಲ, ಹೊಗಳುತ್ತಾರೆ. ಟಿ.ವಿ.ಯಲ್ಲಿ ಹೊಗಳುತ್ತಾರೆ, ಕಾಲೇಜು ವಾರ್ಷಿಕೋತ್ಸವದಲ್ಲಿ ಹೊಗಳುತ್ತಾರೆ. "ಸರ್ಕಾರಿ ನೌಕರಿಗೇ ಕಾದು ಕೂರಬೇಡಿ. ಯಾವ ಕೆಲಸವೂ ಕೀಳಲ್ಲ. ಎಂ.ಎ. ಮಾಡಿದ ಯುವಕ ಲಾರಿ ಓಡಿಸಿ ಸ್ವಾವಲಂಬಿ ಆಗಿದ್ದಾನೆ, ನೋಡಿ ಕಲಿಯಿರಿ!" ಇವರನ್ನು ಕಂಡರೆ ನಮಗೆ ಹೆಚ್ಚು ಭಯ. ಬೈದವನ ಮಾತಿಗೆ ಸಿಟ್ಟಾದರೂ ಬರುತ್ತದೆ, ಹೊಗಳಿದವನ ಮಾತಿಗೆ ಬಾಯಿ ಕಟ್ಟುತ್ತದೆ. ನಾವು ಕೇಳೋದು ಒಂದೇ: ಯಾವ ಕೆಲಸವೂ ಕೀಳಲ್ಲವಾದರೆ ಈ ಉಪದೇಶ ಸಮಾಜ ಕಲ್ಯಾಣ ಹಾಸ್ಟೆಲ್ಲಿನ ಬಾಗಿಲಿಗೇ ಯಾಕೆ ಬರುತ್ತದೆ? ನಿಮ್ಮ ಮಗನನ್ನೂ ಒಂದು ವರ್ಷ ಕ್ಲೀನರ್ ಕೆಲಸಕ್ಕೆ ಕಳಿಸಿ. ಟಾರ್ಪಾಲು ಹಾಸಿ, ಹಗ್ಗ ಬಿಗಿದು, ಟೈರಿನ ಕೆಳಗೆ ಕಲ್ಲು ಕೊಟ್ಟು ಬರಲಿ. ಆಮೇಲೆ ಮಾತಾಡೋಣ.

ನಮ್ಮ ಗೆಳೆಯ ಲಾರಿ ಹತ್ತಿದ್ದು ಹೇಗೆ ಅಂತ ಹೇಳುತ್ತೇವೆ, ಕೇಳಿ. ಯಾರೂ ಕತೆ ಅಂದುಕೊಳ್ಳಬೇಡಿ. ನಿಮ್ಮ ಹಾಸ್ಟೆಲ್ಲಿನಲ್ಲೂ ಇಂಥವರು ಇದ್ದಾರೆ, ಲೆಕ್ಕ ಹಾಕಿ ನೋಡಿ.

ಅವನ ಅವ್ವ ಕಂಡೋರ ಹೊಲದಲ್ಲಿ ಆಲೂಗಡ್ಡೆ ಕಿತ್ತು ಓದಿಸಿದಳು. 2019ರಲ್ಲಿ ಎಂ.ಎ. ಮುಗೀತು. ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಪಾಠ ನಿಂತಿತು, ಸಂಬಳವೂ ನಿಂತಿತು. ಆ ದಿನಗಳಲ್ಲಿ ಹೆದ್ದಾರಿಯಲ್ಲಿ ಓಡುತ್ತಿದ್ದುದು ಅಕ್ಕಿ, ಹಾಲು, ತರಕಾರಿ, ಔಷಧಿ ಹೊತ್ತ ಗಾಡಿಗಳು. ಕೇರಿಯ ಅಣ್ಣನೊಬ್ಬ, "ಬಾರ್ಲಾ, ಜೊತೆಗೆ ಬಾ, ಊಟಕ್ಕಾದ್ರೂ ಆಯ್ತದೆ" ಅಂತ ಕರೆದ. ಹಾಗೆ ಎಂ.ಎ. ಪದವೀಧರ ಕ್ಲೀನರ್ ಆದ.

ಆದರೂ ಪುಸ್ತಕ ಬಿಡಲಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ಆಯಿತು. ಬರೆದ. ಆ ಪರೀಕ್ಷೆಯಲ್ಲಿ ಓ.ಎಂ.ಆರ್. ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡಿದ್ದು ಎಲ್ಲ ಹೊರಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟ್ 27ರಂದು ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆ, 384 ಹುದ್ದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗಲಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರ ಮೇಲೆ ಬಿದ್ದ ಪೆಟ್ಟು ಅದು. ಗಲಾಟೆ ಆಗಿ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ. ಮತ್ತೆ ತಪ್ಪು ಅನುವಾದ, ಮತ್ತೆ ಗಲಾಟೆ.

ಇದರ ನಡುವೆ ಒಳಮೀಸಲಾತಿ. ಗೆಳೆಯರೇ, ಇದರ ಬಗ್ಗೆ ನಮ್ಮಲ್ಲಿ ಎರಡು ಮಾತು ಬೇಡ. ಒಳಮೀಸಲಾತಿ ನ್ಯಾಯದ ಬೇಡಿಕೆ. ಆದರೆ ವಿಳಂಬದ ಲೆಕ್ಕ ನೋಡಿ. ಸದಾಶಿವ ಆಯೋಗ ನೇಮಕವಾದದ್ದು 2005ರಲ್ಲಿ, ವರದಿ ಕೊಟ್ಟದ್ದು 2012ರಲ್ಲಿ. ಆ ವರದಿಯ ಮೇಲೆ ಸರ್ಕಾರಗಳು ಕೂತವು, ಎದ್ದವು, ಮತ್ತೆ ಕೂತವು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಅಂದಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಸಚಿವ ಸಂಪುಟ ಹೊಸ ನೇಮಕಾತಿ ಅಧಿಸೂಚನೆಗಳನ್ನೇ ತಡೆಹಿಡಿಯಿತು. ನಾಗಮೋಹನದಾಸ್ ಆಯೋಗದ ವರದಿ ಬಂದು, ಸಂಪುಟ ಹಂಚಿಕೆ ತೀರ್ಮಾನ ಮಾಡಿದ್ದು 2025ರ ಆಗಸ್ಟ್ 19ರಂದು. ಸರ್ಕಾರ ಹತ್ತು ವರ್ಷ ಸೋಮಾರಿತನ ಮಾಡಿತು, ಬೆಲೆ ಕೊಟ್ಟದ್ದು ನಮ್ಮ ವಯಸ್ಸು. ಈಗ ಹೊಲೆಯರ ಹುಡುಗ ಮಾದಿಗರ ಹುಡುಗನ ಮುಖ ನೋಡಿ "ನಿನ್ನಿಂದ ನನ್ನ ಕೆಲಸ ಹೋಯ್ತು" ಅಂದರೆ, ಮೇಲಿನವರು ಒಳಗೊಳಗೇ ನಗುತ್ತಾರೆ. ಆ ನಗೆಗೆ ನಾವು ಅವಕಾಶ ಕೊಡಬಾರದು. ಲಾರಿಯ ಕ್ಯಾಬಿನ್ನಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದೇವೆ.

ಪದವೀಧರ ನಿರುದ್ಯೋಗಿಗಳಿಗೆ ಯುವನಿಧಿ ಅಂತ ಬಂತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರು. ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಬೇಡ ಅನ್ನುವಷ್ಟು ಸಿರಿವಂತರು ನಾವಲ್ಲ. ಆದರೆ 2022-23ಕ್ಕೂ ಮೊದಲು ಪಾಸಾದವರು ಅದರ ಲೆಕ್ಕದಲ್ಲೇ ಇಲ್ಲ. ನಮ್ಮ ಗೆಳೆಯ 2019ರವನು. ಅವನ ನಿರುದ್ಯೋಗ ಹಳೇ ಮಾಡೆಲ್.

ಇನ್ನು ರಸ್ತೆಗೆ ಬರೋಣ.

ಹೆವಿ ಗಾಡಿ ಲೈಸೆನ್ಸು ಸುಮ್ಮನೆ ಸಿಗುವುದಿಲ್ಲ. ಇಪ್ಪತ್ತು ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸು ತಗೊಂಡು ಒಂದು ವರ್ಷ ಆಗಿರಬೇಕು, ಡಾಕ್ಟರ ಸರ್ಟಿಫಿಕೇಟು ಬೇಕು, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು ಬೇಕು. ಹಿಂದೆ ಎಂಟನೇ ಕ್ಲಾಸು ಪಾಸಾಗಿರಬೇಕಿತ್ತು, 2019ರಲ್ಲಿ ಅದನ್ನೂ ತೆಗೆದರು. ಓದಲು ಅವಕಾಶ ಸಿಗದ ಬಡವರಿಗೆ ಅದು ಒಳ್ಳೆಯದೇ ಆಯಿತು. ಆದರೆ ಇಲ್ಲೊಂದು ಸತ್ಯ ಇದೆ: ನಮ್ಮ ಎಂ.ಎ.ಗೆ ಈ ರಸ್ತೆಯಲ್ಲಿ ಒಂದು ರೂಪಾಯಿ ಹೆಚ್ಚಿಗೆ ಹುಟ್ಟುವುದಿಲ್ಲ. ಹದಿನೇಳು ವರ್ಷ ಓದಿದವನೂ ಓದೇ ಇಲ್ಲದವನೂ ಒಂದೇ ಕೂಲಿಗೆ ನಿಲ್ಲುತ್ತಾರೆ. ಇದು ಡ್ರೈವರನಿಗೆ ಅವಮಾನವಲ್ಲ. ಹದಿನೇಳು ವರ್ಷ ಓದಿಸಿ ಕೈ ಬಿಟ್ಟ ಸರ್ಕಾರಕ್ಕೆ ಅವಮಾನ.

ನಮ್ಮ ಜಿಲ್ಲೆಯೇ ಲಾರಿಗಳ ದಾರಿ. ಬೆಂಗಳೂರಿಂದ ಮಂಗಳೂರಿಗೆ ಹೋಗುವ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಮೇಲೆ ಹೋಗುತ್ತದೆ. ಚನ್ನರಾಯಪಟ್ಟಣದಿಂದ ತೆಂಗಿನಕಾಯಿ, ಅರಕಲಗೂಡಿನ ರಾಮನಾಥಪುರದಿಂದ ಹೊಗೆಸೊಪ್ಪು, ಮಲೆನಾಡಿಂದ ಕಾಫಿ. ಹಾಸನದ ಎ.ಪಿ.ಎಂ.ಸಿ.ಗೆ ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ಅಂಗಮಾರಿ ರೋಗ ಬಿದ್ದು ಆಲೂಗಡ್ಡೆ ಬೆಳೆ ಮೊದಲಿನಷ್ಟು ಉಳಿದಿಲ್ಲ, ಆದರೂ ಲಾರಿ ಬರುವುದು ನಿಂತಿಲ್ಲ. ಈ ಲೋಡುಗಳಲ್ಲಿ ನಮ್ಮ ಹೊಲದ್ದು ಎಷ್ಟು? 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ನಮ್ಮಲ್ಲಿ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲ, ಬರೀ ಕೂಲಿಯಾಳು. ಅವ್ವ ಕಿತ್ತ ಆಲೂಗಡ್ಡೆ ಕಂಡೋರದು. ಮಗ ಸಾಗಿಸುವ ಆಲೂಗಡ್ಡೆಯೂ ಕಂಡೋರದು. ಲಾರಿಯೂ ಕಂಡೋರದು. ಒಂದು ತಲೆಮಾರು ದಾಟಿ ನಾವು ಹೊಲದಿಂದ ಹೆದ್ದಾರಿಗೆ ಬಂದೆವು, ಒಡೆತನ ಅಲ್ಲೇ ಉಳಿಯಿತು.

ಕಾನೂನು ಏನು ಹೇಳಿತ್ತು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. ದೂರದ ದಾರಿಗೆ ಹೆಚ್ಚೆಂದರೆ ದಿನಕ್ಕೆ 10, ವಾರಕ್ಕೆ 54. ಆದರೆ ಐದು ಜನ ಕೆಲಸಗಾರರಿಗಿಂತ ಕಡಿಮೆ ಇದ್ದವರಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ನಮ್ಮ ಗೆಳೆಯರು ಕಂಡ ಓನರುಗಳು ಒಂದು ಲಾರಿ ತಮ್ಮ ಹೆಸರಿಗೆ, ಒಂದು ಹೆಂಡತಿ ಹೆಸರಿಗೆ, ಒಂದು ಭಾವಮೈದುನನ ಹೆಸರಿಗೆ ಬರೆಸಿ ಆರಾಮಾಗಿದ್ದರು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೇ ಕಾಯ್ದೆ ಅದರೊಳಗೆ ಕರಗಿತು. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು ಅಂತ ಹೊಸ ಸಂಹಿತೆಯಲ್ಲೂ ಬರೆದಿದೆ. ನೇಮಕಾತಿ ಪತ್ರ ಇರುವ ಒಬ್ಬ ಲಾರಿ ಡ್ರೈವರನನ್ನು ನಮ್ಮ ಕೇರಿಯಲ್ಲಿ ತೋರಿಸಿ, ಹಾರ ಹಾಕುತ್ತೇವೆ. ಟ್ರಿಪ್ಪಿಗಿಷ್ಟು, ಬಾಟಾ ಇಷ್ಟು, ಬಾಯಿಮಾತಿನ ಲೆಕ್ಕ. 2018ರ ಆಗಸ್ಟಿನಲ್ಲೂ 2024ರ ಜುಲೈನಲ್ಲೂ ಗುಡ್ಡ ಕುಸಿದು ಶಿರಾಡಿ ಬಂದ್ ಆಯಿತಲ್ಲ, ಲಾರಿಗಳು ಸಾಲುಗಟ್ಟಿ ನಿಂತವು. ಟ್ರಿಪ್ಪಿನ ಲೆಕ್ಕದವನಿಗೆ ನಿಂತ ದಿನದ ಕೂಲಿ ಇಲ್ಲ. ಗುಡ್ಡ ಕುಸಿದದ್ದಕ್ಕೂ ಡ್ರೈವರನೇ ದಂಡ ತೆತ್ತ ಹಾಗೆ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ನಿದ್ದೆಗೆಟ್ಟ ಡ್ರೈವರನನ್ನು ಎಲ್ಲರೂ ಬೈತಾರೆ. ನಿದ್ದೆ ಕೆಡಿಸಿದವನ ಹೆಸರು ಯಾವ ಎಫ್.ಐ.ಆರ್.ನಲ್ಲೂ ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ, ಅಪಘಾತದಲ್ಲಿ ಸಾವಾಗಿ, ಪೊಲೀಸರಿಗೆ ತಿಳಿಸದೆ ಓಡಿಹೋದ ಡ್ರೈವರನಿಗೆ ಹತ್ತು ವರ್ಷದವರೆಗೆ ಜೈಲು ಅಂತ ಬರೆದರು. 2024ರ ಜನವರಿ ಮೊದಲ ವಾರ ದೇಶದ ತುಂಬ ಡ್ರೈವರುಗಳು ಗಾಡಿ ನಿಲ್ಲಿಸಿದರು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಸರ್ಕಾರ ಮಾತುಕತೆಗೆ ಬಂತು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ಮಾತ್ರ ಪಕ್ಕಕ್ಕಿಟ್ಟರು. ಗಾಯಗೊಂಡವನನ್ನು ಬಿಟ್ಟು ಓಡುವುದು ಸರಿ ಅಂತ ನಾವು ಹೇಳುವುದಿಲ್ಲ. ಜನ ಸೇರಿ ಹೊಡೆದು ಸಾಯಿಸುತ್ತಾರೆ ಅನ್ನುವ ಭಯಕ್ಕೂ ಕಾನೂನು ಉತ್ತರ ಕೊಡಲಿ ಅನ್ನುತ್ತೇವೆ. ಇದರಲ್ಲಿ ನಮಗೊಂದು ಪಾಠ ಇದೆ: ಓದಿಲ್ಲ ಅಂತ ನೀವು ಹೀಯಾಳಿಸುವ ಡ್ರೈವರುಗಳು ಎರಡು ದಿನ ಒಟ್ಟಾಗಿ ನಿಂತು ಗಳಿಸಿದ್ದನ್ನು, ಓದಿದ ನಾವು ಪರೀಕ್ಷಾ ಅಕ್ರಮದ ವಿಷಯದಲ್ಲಿ ಎರಡು ವರ್ಷ ಮನವಿ ಪತ್ರ ಕೊಟ್ಟೂ ಗಳಿಸಲಿಲ್ಲ.

ಜಾತಿ? ಗೆಳೆಯ ಹೇಳುತ್ತಾನೆ: "ಹೈವೇ ಹೋಟ್ಲಲ್ಲಿ ಯಾವನೂ ಜಾತಿ ಕೇಳಲ್ಲ ಕಣೋ. ಡ್ರೈವರಾ ಅಂತಾನೆ, ತಟ್ಟೆ ಇಡ್ತಾನೆ. ಅದಕ್ಕೇ ಈ ಕೆಲ್ಸ ಹಿಡಿಸ್ತು." ಈ ಮಾತನ್ನು ಹಗುರವಾಗಿ ತಗೋಬೇಡಿ. ಇಪ್ಪತ್ತೈದು ವರ್ಷ ಕೇರಿಯ ಹುಡುಗ ಅನ್ನಿಸಿಕೊಂಡವನಿಗೆ ಬರೀ ಡ್ರೈವರ್ ಅನ್ನಿಸಿಕೊಳ್ಳುವುದು ಎಂಥ ಬಿಡುಗಡೆ ಅಂತ ಬಲ್ಲವರಿಗೇ ಗೊತ್ತು. ಆದರೆ ಅವನೇ ಮುಂದುವರಿಸಿ ಹೇಳಿದ: "ವಾಪಸ್ ಬಂದು ಓನರ್ ಮನೆ ಮುಂದೆ ಕೀ ಕೊಡೋವಾಗ ಜಗಲಿ ಹತ್ತಂಗಿಲ್ಲ. ಟೀ ಬಂದ್ರೆ ಪೇಪರ್ ಕಪ್ಪು. ಅವ್ರ ಮನೆಯೋರೆಲ್ಲ ಸ್ಟೀಲ್ ಲೋಟ." ಎರಡು ಲೋಟದ ಪದ್ಧತಿ ಈಗ ಎಸೆಯುವ ಕಪ್ಪಿನ ಪದ್ಧತಿ ಆಗಿದೆ, ತೊಳೆಯುವ ಕಷ್ಟವೂ ತಪ್ಪಿತು! ಇದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಗೆ ಹೋದರು ಅಂತ ಸಾವಿರ ರೂಪಾಯಿ ದಂಡ ಹಾಕಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಜಲಂಧರದವರೆಗೆ ಹೋಗಿಬಂದರೂ ಕೊನೆಗೆ ಲಾರಿ ನಿಲ್ಲಬೇಕಾದ್ದು ಇಂಥ ಊರುಗಳಲ್ಲೇ. ರಸ್ತೆ ಜಾತಿ ಮರೆಸುತ್ತದೆ, ಅಳಿಸುವುದಿಲ್ಲ.

ಸ್ವಂತ ಗಾಡಿ ತಗೊಳ್ಳಿ ಅನ್ನುವವರಿದ್ದಾರೆ. ಸ್ವಾವಲಂಬಿ ಸಾರಥಿ ಅಂತ 2023-24ರಲ್ಲಿ ಯೋಜನೆ ಬಂತು. ಪರಿಶಿಷ್ಟರಿಗೆ ಗಾಡಿಯ ಬೆಲೆಯಲ್ಲಿ ಶೇಕಡ 75, ಹೆಚ್ಚೆಂದರೆ 4 ಲಕ್ಷ ರೂಪಾಯಿ ಸಹಾಯಧನ. ಸಿಕ್ಕವರಿಗೆ ಒಳ್ಳೆಯದಾಗಲಿ. ಆದರೆ 4 ಲಕ್ಷದ ಸಹಾಯಧನದಲ್ಲಿ ಬರೋದು ಟೊಮೇಟೊ ಕ್ರೇಟ್ ಸಾಗಿಸುವ ಪುಟ್ಟ ಗಾಡಿ. ಹತ್ತು ಚಕ್ರದ ಲಾರಿ ಬೇಕು ಅಂದರೆ ಬ್ಯಾಂಕಿನವನು ಜಮೀನಿನ ಪಹಣಿ ಕೇಳುತ್ತಾನೆ. ಪಹಣಿ ಇದ್ದಿದ್ದರೆ ಲಾರಿ ಯಾಕೆ ಬೇಕಿತ್ತು?

ಇನ್ನೊಂದು ಮಾತು, ನಮ್ಮ ಮೇಲೇ. ಇಷ್ಟೆಲ್ಲ ಬರೆಯುವಾಗ ನಾವು ಹುಡುಗರ ಮಾತನ್ನೇ ಆಡಿದೆವು. ನಮ್ಮ ಜೊತೆ ಎಂ.ಎ. ಮಾಡಿದ ತಂಗಿಯರು ಎಲ್ಲಿ? ಅವರಿಗೂ ಅದೇ ಪರೀಕ್ಷೆ ರದ್ದಾಯಿತು, ಅದೇ ವಯಸ್ಸು ಕಳೆಯಿತು. ಅವರಿಗೆ ಲಾರಿಯ ಬಾಗಿಲೂ ತೆರೆದಿಲ್ಲ. ಗಾರ್ಮೆಂಟ್ಸಿನ ಬಸ್ಸು ಹತ್ತುತ್ತಾರೆ, ಇಲ್ಲವೇ ಮದುವೆಯ ಮಣೆ ಹತ್ತುತ್ತಾರೆ. ಆ ಮೌನ ನಮ್ಮ ಸಭೆಗಳಲ್ಲಿ ಯಾರಿಗೂ ಕೇಳಿಸುತ್ತಿಲ್ಲ.

ಹಾಗಾದರೆ ನಿಮ್ಮ ನಿಲುವೇನು, ಬೈಯಲೂಬಾರದು ಹೊಗಳಲೂಬಾರದು ಅಂದರೆ ಹೇಗೆ ಅಂತ ಕೇಳುತ್ತೀರಿ. ನಮ್ಮ ನಿಲುವು ಸರಳ. ಲಾರಿ ಓಡಿಸುವುದು ದುಡಿಮೆ, ಆದ್ದರಿಂದ ದುಡಿಮೆಯ ಹಕ್ಕು ಕೇಳುತ್ತೇವೆ. ಸರ್ಕಾರಿ ಹುದ್ದೆ ಸಂವಿಧಾನ ಕೊಟ್ಟ ಪಾಲು, ಆದ್ದರಿಂದ ಪಾಲು ಕೇಳುತ್ತೇವೆ. ಒಂದನ್ನು ಕೊಟ್ಟು ಇನ್ನೊಂದಕ್ಕೆ ರಸೀದಿ ಬರೆಸಿಕೊಳ್ಳಲು ಬಂದರೆ ಸಹಿ ಹಾಕುವುದಿಲ್ಲ.

ಆದ್ದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಾಸ್ಟೆಲ್ ಗೆಳೆಯರಲ್ಲಿ ನಮ್ಮ ಮಾತು ಇಷ್ಟು:

ಒಂದು, ಬ್ಯಾಕ್‌ಲಾಗ್ ಹುದ್ದೆ ತುಂಬಿ, ಪರೀಕ್ಷೆಯ ದಿನಾಂಕ ಮುಂಚೆಯೇ ಹೇಳಿ, ಸರ್ಕಾರದ ವಿಳಂಬದಿಂದ ಹೋದ ವಯಸ್ಸನ್ನು ವಾಪಸ್ ಕೊಡಿ ಅಂತ ನಾಲ್ಕೂ ತಾಲ್ಲೂಕಿನಲ್ಲಿ ಒಟ್ಟಿಗೆ ಕೇಳೋಣ. ಹೊಲೆಯ ಮಾದಿಗ ಅಂತ ಬೇರೆ ಬೇರೆ ಅರ್ಜಿ ಬೇಡ.

ಎರಡು, ಲಾರಿ ಹತ್ತಿದ ಗೆಳೆಯರು ನೇಮಕಾತಿ ಪತ್ರ ಕೇಳಬೇಕು. ಹೊರಟ ಹೊತ್ತು, ತಲುಪಿದ ಹೊತ್ತು, ಕಾಯ್ದ ಹೊತ್ತು, ಸಿಕ್ಕ ದುಡ್ಡು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಓದಿದ್ದು ಇದಕ್ಕಾದರೂ ಬರಲಿ. ಪಕ್ಕದ ಓದು ಬಾರದ ಡ್ರೈವರಣ್ಣನ ಲೆಕ್ಕವನ್ನೂ ಬರೆದುಕೊಡಿ. ಪೆನ್ನೂ ಸ್ಟೇರಿಂಗೂ ಒಂದೇ ಕೈಯಲ್ಲಿ ಇರಬಹುದು ಅಂತ ಆ ಹಿರಿಯರಿಗೂ ಗೊತ್ತಾಗಲಿ.

ಮೂರು, ಖಾಸಗಿ ಡ್ರೈವರ್, ಕ್ಲೀನರುಗಳಿಗಾಗಿ 2024ರಲ್ಲಿ ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕಾಯ್ದೆ ಬಂದಿದೆ. ಕಾರ್ಮಿಕ ಇಲಾಖೆಗೆ ಹೋಗಿ ಹೆಸರು ಬರೆಸಿ. ಏನಾದರೂ ಆದ ಮೇಲೆ ಅವ್ವ ಕಚೇರಿ ಕಚೇರಿ ಅಲೆಯುವಂತೆ ಮಾಡಬೇಡಿ.

ನಾಲ್ಕು, ಇನ್ನೂ ಓದುತ್ತಿರುವ ತಮ್ಮಂದಿರೇ, ಅಣ್ಣ ಲಾರಿ ಓಡಿಸಿ ಫೋನ್ ತಗೊಂಡ ಅಂತ ಕಾಲೇಜು ಬಿಡಬೇಡಿ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಈ ಚಳವಳಿ ಬೀದಿಗಿಳಿದು ಕೂಗಿದ್ದರಿಂದ ಸಿಕ್ಕ ಅನ್ನ, ಸಿಕ್ಕ ಹಾಸಿಗೆ ಇದು. ಓದು ಮುಗಿಸಿ. ಆಮೇಲೆ ಯಾವ ಬಾಗಿಲು ತೆರೆದಿದೆಯೋ ಅದರಲ್ಲಿ ಹೋಗಿ, ಮುಚ್ಚಿದ ಬಾಗಿಲನ್ನು ಒದೆಯುವುದು ಮರೆಯಬೇಡಿ.

ಮುಂದಿನ ಸಭೆ ಚನ್ನರಾಯಪಟ್ಟಣದಲ್ಲಿ. ಆವತ್ತು ನಮ್ಮ ಗೆಳೆಯನಿಗೆ ಟ್ರಿಪ್ ಇಲ್ಲದ ದಿನ ನೋಡಿಯೇ ತಾರೀಖು ಇಟ್ಟಿದ್ದೇವೆ. ಅವನು ಹಿಂದಿನ ಸಾಲಿನಲ್ಲಿ ನಿಲ್ಲುವುದಿಲ್ಲ, ವೇದಿಕೆ ಮೇಲೆ ಕೂತು ಮಾತಾಡುತ್ತಾನೆ. ಹಿರಿಯರೂ ಬರಲಿ, ಎದುರು ಕೂತು ಕೇಳಲಿ. ಚಪ್ಪಾಳೆ ಯಾವಾಗ ತಟ್ಟಬೇಕು ಅಂತ ಈ ಸಲ ನಾವು ಯೋಚಿಸಿ ತಟ್ಟುತ್ತೇವೆ.

ಜೈ ಭೀಮ್.